ಅಡುಗೆಮನೆಯಲ್ಲಿ ಮಲಗುವ ಗಂಡ, ಮೊಬೈಲಿನಲ್ಲಿ ಕಂಡ ಇದ್ದಿಲ ಹೊದಿಕೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಡೊಂಬಿವಲಿಯಲ್ಲಿದ್ದೇವೆ. ಊರು ಗದಗಿನ ಹತ್ತಿರ. ನನಗೆ 46, ನಮ್ಮ ಮನೆಯವರಿಗೆ 52. ಈ ವಿಷಯ ನಮ್ಮ ಅವ್ವನ ಹತ್ತಿರವೂ ಹೇಳಿಲ್ಲ. ಅವರಿಗೆ ರಾತ್ರಿ ವಾಯು ಜಾಸ್ತಿ ಹೋಗುತ್ತದೆ. ವಾಸನೆ ತಡೆಯೋಕೆ ಆಗಲ್ಲ. ಹೋದ ಬೇಸಿಗೆಯಲ್ಲಿ ಬೆಡ್‌ರೂಮಿಗೆ ಎಸಿ ಹಾಕಿಸಿದೆವು, ಆಮೇಲೆ ಇನ್ನೂ ಕಷ್ಟ. ಅವರು ಮಗ್ಗಲು ಬದಲಿಸಿ ಹೊದಿಕೆ ಸ್ವಲ್ಪ ಮೇಲೆದ್ದರೆ ಸಾಕು, ನನಗೆ ಒಂದು ಗಂಟೆಯವರೆಗೂ ನಿದ್ದೆ ಹತ್ತುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಡಬ್ಬಾ ಕಟ್ಟಬೇಕು. ಹೋದ ತಿಂಗಳು ಒಂದು ರಾತ್ರಿ ತಾಳಲಾರದೆ ಸಿಟ್ಟಿನಲ್ಲಿ ಏನೋ ಅಂದುಬಿಟ್ಟೆ. ಅವರು ತಿರುಗಿ ಒಂದು ಮಾತೂ ಆಡದೆ ಚಾಪೆ ಸುತ್ತಿಕೊಂಡು ಹೋದರು. ಹಾಲ್‌ನಲ್ಲಿ ಅತ್ತೆ ಮತ್ತು ಮಗ ಮಲಗುತ್ತಾರೆ. ಅವತ್ತಿನಿಂದ ಇವರು ಅಡುಗೆಮನೆಯಲ್ಲಿ. ಅತ್ತೆ ಕೇಳಿದ್ದಕ್ಕೆ ‘ಅಲ್ಲಿ ಗಾಳಿ ಚಲೋ ಬರ್ತದ’ ಅಂದಿದ್ದಾರೆ. ಮೊಬೈಲಿನಲ್ಲಿ ವಾಸನೆ ಹೀರುವ ಇದ್ದಿಲ ಹೊದಿಕೆ ಅಂತ ನೋಡಿದೆ. ಸಾವಿರಗಟ್ಟಲೆ ಬೆಲೆ. ನಿಜವಾಗಿ ಕೆಲಸ ಮಾಡುತ್ತಾ? ತಗೊಳ್ಳಲಾ? ಅವರಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ನಡೆದಿದೆ. ಬೇರೆ ಏನೂ ತೊಂದರೆ ಇಲ್ಲ.

— ಹೆಸರು ಬೇಡ, ಡೊಂಬಿವಲಿ

ಉತ್ತರ: ತಂಗಿ, ನಿಮ್ಮ ಕಾಗದ ಓದಿ ಎರಡು ದಿನ ಆ ಚಾಪೆಯೇ ಕಣ್ಣ ಮುಂದಿತ್ತು. ಅದರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದು.

ಇದ್ದಿಲು ವಾಸನೆ ಹಿಡಿಯುವುದು ನಿಜ. ಪರೇಲಿನ ಆಸ್ಪತ್ರೆಯೊಂದರಲ್ಲಿ ನಾನು 31 ವರ್ಷ ನರ್ಸ್ ಆಗಿದ್ದೆ. ಅದರಲ್ಲಿ ಹನ್ನೆರಡು ವರ್ಷ ಕರುಳಿನ ಆಪರೇಷನ್ ಆದವರ ವಾರ್ಡು. ಕೆಲವರಿಗೆ ಹೊಟ್ಟೆಯ ಮೇಲೆ ದಾರಿ ಮಾಡಿ ಒಂದು ಚೀಲ ಅಂಟಿಸಿರುತ್ತಾರೆ. ಮಲ, ಗಾಳಿ ಎರಡೂ ಅದರೊಳಗೆ ಬರುತ್ತವೆ. ಈಗಿನ ಎಷ್ಟೋ ಚೀಲಗಳ ಮೇಲ್ಭಾಗದಲ್ಲಿ ಒಂದು ಪುಟ್ಟ ಫಿಲ್ಟರ್ ಇರುತ್ತದೆ, ಒಳಗೆ ಇರುವುದು ಇದ್ದಿಲು. ಗಾಳಿ ಅದನ್ನು ಹಾದು ಹೊರಗೆ ಹೋಗುತ್ತದೆ, ವಾಸನೆ ಅಲ್ಲೇ ಉಳಿಯುತ್ತದೆ. ಫಿಲ್ಟರ್ ಒದ್ದೆಯಾದರೆ ಮಾತ್ರ ಅದರ ಕೆಲಸ ಮುಗಿದ ಹಾಗೆ. ಒಮ್ಮೆ ಸೋಲಾಪುರ ಕಡೆಯ ಒಬ್ಬರನ್ನು ಮನೆಗೆ ಕಳಿಸುತ್ತಿದ್ದೆವು. ಊಟ ಏನು ಮಾಡಬೇಕು, ನೋವು ಎಷ್ಟು ದಿನ, ಒಂದನ್ನೂ ಅವರು ಕೇಳಲಿಲ್ಲ. ಹೆಂಡತಿ ಬಿಲ್ ಕಟ್ಟೋಕೆ ಹೋದಾಗ ಮೆಲ್ಲಗೆ, ‘ಸಿಸ್ಟರ್, ಇನ್ನು ಇವಳ ಪಕ್ಕ ಮಲಗಬಹುದಾ?’ ಅಂದರು. ಮಲಗಬಹುದು ಅಂತ ಹೇಳಿ, ಫಿಲ್ಟರ್ ತೋರಿಸಿ, ಅದನ್ನು ಒದ್ದೆಯಾಗದ ಹಾಗೆ ಇಟ್ಟುಕೊಳ್ಳುವುದು ಹೇಗೆ ಅಂತ ಕಲಿಸಿಕೊಟ್ಟೆ. ಅವತ್ತಿನಿಂದ ಇದು ಸಣ್ಣ ವಿಷಯ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಹೂಸು ಅಂತ ಬಿಡಿಸಿಯೇ ಬರೆಯುತ್ತೇನೆ. ಆ ಮಾತನ್ನೇ ನುಂಗಿದರೆ ಮುಂದಿನದು ಅರ್ಥ ಆಗಲ್ಲ. ಅದರಲ್ಲಿ ನೂರಕ್ಕೆ 99 ಪಾಲಿಗಿಂತ ಜಾಸ್ತಿ ವಾಸನೆಯೇ ಇಲ್ಲದ ಗಾಳಿ. ನಾರುವುದು ಉಳಿದ ಚೂರು, ಗಂಧಕ ಸೇರಿದ ಅನಿಲಗಳು. ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಗಾಳಿಯಲ್ಲಿ ಕಾಣದಷ್ಟು ಬೆರೆತರೂ ಮೂಗು ಅದನ್ನು ಹಿಡಿಯುತ್ತದೆ.

ಅದನ್ನು ಹೀರುವ ಇದ್ದಿಲು ಒಲೆಯದ್ದಲ್ಲ. ಮರವನ್ನೋ ತೆಂಗಿನ ಚಿಪ್ಪನ್ನೋ ಸುಟ್ಟು, ಆಮೇಲೆ ತುಂಬಾ ಕಾವಿನಲ್ಲಿ ಹಬೆ ಹಾಯಿಸಿ, ಒಳಗೆಲ್ಲ ಕಣ್ಣಿಗೆ ಕಾಣದ ತೂತು ಮಾಡಿರುತ್ತಾರೆ. ಒಂದು ಗ್ರಾಂ ಇದ್ದಿಲಿನ ತೂತುಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ 500 ಚದರ ಮೀಟರಿಗಿಂತ ಜಾಸ್ತಿ ಆಗುತ್ತದೆ. ನಿಮ್ಮ ಒನ್ ಬಿಎಚ್‌ಕೆ ಅಂಥ ಹತ್ತು ಮನೆ ಸೇರಿಸಿದರೂ ಅಷ್ಟಾಗಲ್ಲ. ಗಂಧಕದ ಅನಿಲ ಆ ಗೋಡೆಗೆ ಹೋಗಿ ಅಂಟುತ್ತದೆ. ಇದನ್ನೇ ಬಟ್ಟೆಯ ರೂಪಕ್ಕೆ ತಂದದ್ದು 1970ರ ದಶಕದಲ್ಲಿ, ಬ್ರಿಟನ್ನಿನ ಪೋರ್ಟನ್ ಡೌನ್ ಎಂಬ ರಕ್ಷಣಾ ಸಂಶೋಧನಾ ಕೇಂದ್ರದಲ್ಲಿ. ವಿಷಾನಿಲದಿಂದ ಸೈನಿಕರನ್ನು ಕಾಯುವುದಕ್ಕೆ. ಆಮೇಲೆ ಅದು ಆಸ್ಪತ್ರೆಗೂ ಬಂತು. ಕೆಟ್ಟ ವಾಸನೆಯ ಗಾಯಗಳ ಮೇಲೆ ಆ ಕಪ್ಪು ಬಟ್ಟೆಯ ಪಟ್ಟಿ ಹಾಕುತ್ತಾರೆ. ನಾನೂ ಹಾಕಿದ್ದೇನೆ. ನೀವು ಮೊಬೈಲಿನಲ್ಲಿ ನೋಡಿದ ಹೊದಿಕೆ ಅದೇ ಕುಲದ್ದು.

ಆದರೆ ಗಾಳಿ ಬಟ್ಟೆಯ ಮೂಲಕವೇ ಹಾದು ಹೋಗಬೇಕು, ತಂಗಿ. ಎಲ್ಲ ನಿಂತಿರುವುದು ಇದರ ಮೇಲೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮೈಕೆಲ್ ಲೆವಿಟ್ ಎನ್ನುವ ಡಾಕ್ಟರು ವರ್ಷಾನುಗಟ್ಟಲೆ ಹೂಸಿನ ಮೇಲೆಯೇ ಕೆಲಸ ಮಾಡಿದವರು. 2005ರಲ್ಲಿ ಅವರ ತಂಡ ಇಂಥ ವಸ್ತುಗಳನ್ನೆಲ್ಲ ತಂದು ಅಳೆದು ನೋಡಿತು. ಇದ್ದಿಲ ನಾರಿನಿಂದ ಮಾಡಿದ ಒಳಚಡ್ಡಿ ಗಂಧಕದ ಅನಿಲವನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿಯಿತು. ಚಡ್ಡಿಯೊಳಗೆ ಇಡುವ ಪ್ಯಾಡುಗಳು ನೂರಕ್ಕೆ 55ರಿಂದ 77 ಪಾಲು. ಕೂರುವ ದಿಂಬುಗಳು ಬರೀ 20 ಪಾಲಿನ ಹತ್ತಿರ. ದಿಂಬಿನಲ್ಲೂ ಇದ್ದಿಲು ಇತ್ತು. ಆದರೆ ಗಾಳಿ ಅದರೊಳಗೆ ಹೋಗದೆ ಪಕ್ಕದಿಂದ ಜಾರಿಕೊಂಡಿತು. ನಿಮ್ಮ ಹೊದಿಕೆಗೂ ಇದೇ ಕಥೆ. ಅಲ್ಲಾಡದೆ ಮಲಗಿದಷ್ಟು ಹೊತ್ತು ಅದು ಕೆಲಸ ಮಾಡುತ್ತದೆ. ಅವರು ಮಗ್ಗಲು ಬದಲಿಸಿದರು, ಕಾಲು ಹೊರಗೆ ಹಾಕಿದರು, ಅಂಚು ಎದ್ದಿತು. ನಿಮಗೆ ಕಷ್ಟ ಆಗುವುದು ಆ ಗಳಿಗೆಯಲ್ಲೇ ಅಲ್ವಾ? ಆಗ ಗಾಳಿ ಬಟ್ಟೆಯ ದಾರಿ ಹಿಡಿಯುವುದಿಲ್ಲ, ಅಂಚಿನಿಂದ ನೇರ ನಿಮ್ಮ ಮೂಗಿಗೆ ಬರುತ್ತದೆ.

ಅದಕ್ಕೇ ಹೇಳುತ್ತೇನೆ, ದುಡ್ಡು ಹಾಕುವುದೇ ಆದರೆ ಹೊದಿಕೆಗಿಂತ ಚಡ್ಡಿಗೆ ಹಾಕಿ. ಚಡ್ಡಿಯಲ್ಲಿ ಫಿಲ್ಟರ್ ಇಡುವ ಯೋಚನೆ ಹುಟ್ಟಿದ್ದೂ ಒಂದು ಗಂಡ ಹೆಂಡತಿಯ ಹಾಸಿಗೆಯಿಂದಲೇ. ಅಮೆರಿಕದ ಕೊಲೊರಾಡೊದಲ್ಲಿ ಬಕ್ ವೈಮರ್ ಅಂತ ಒಬ್ಬರು. ಅವರ ಹೆಂಡತಿಗೆ ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇತ್ತು. ಅವರು ಗಾಳಿ ಹೊರಗೆ ಸೋರದ, ಇದ್ದಿಲ ಫಿಲ್ಟರ್ ಬದಲಿಸಬಹುದಾದ ಒಳಚಡ್ಡಿ ತಯಾರಿಸಿದರು. 2001ರಲ್ಲಿ ಅವರಿಗೆ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಕ್ಕೆ ಕೊಡುವ ಬಹುಮಾನ ಅದು. ಹೆಂಡತಿ ಸಂಕೋಚ ಇಲ್ಲದೆ ಪಕ್ಕದಲ್ಲಿ ಮಲಗಲಿ ಅಂತ ಸೂಜಿ ದಾರ ಹಿಡಿದು ಕೂತ ಆ ಗಂಡಸಿನ ಮೇಲೆ ನನಗಂತೂ ಗೌರವ.

ಇನ್ನೊಂದು ಎಚ್ಚರಿಕೆ. ‘ಬಿದಿರಿನ ಇದ್ದಿಲು’ ಅಂತ ಹೇಳಿ ಮಾರುವ ಹಾಸಿಗೆ ಹೊದಿಕೆಗಳಲ್ಲಿ ಎಷ್ಟೋ ಸಲ ಪಾಲಿಯೆಸ್ಟರ್ ದಾರಕ್ಕೆ ಇದ್ದಿಲ ಪುಡಿ ಬೆರೆಸಿರುತ್ತಾರೆ, ಅಷ್ಟೇ. ಪುಡಿ ಪ್ಲಾಸ್ಟಿಕ್ಕಿನೊಳಗೆ ಮುಳುಗಿರುತ್ತದೆ. ತೂತೆಲ್ಲ ಮುಚ್ಚಿಹೋಗಿರುತ್ತದೆ. ಹತ್ತು ವರ್ಷದ ಹಿಂದೆ ದಾದರಿನ ಒಂದು ಅಂಗಡಿಯಲ್ಲಿ ಅಂಥದ್ದೊಂದು ಬೂದು ಬಣ್ಣದ ಚಾದರ ನಾನೂ ತಂದಿದ್ದೆ. ಮಲಗೋಕೆ ಚೆನ್ನಾಗಿತ್ತು, ವಾಸನೆಗೆ ಏನೂ ಮಾಡಲಿಲ್ಲ. ನಿಜವಾದ ಇದ್ದಿಲ ಬಟ್ಟೆ ಆದರೂ ದಿನ ಕಳೆದಂತೆ ತುಂಬಿಹೋಗುತ್ತದೆ. ಬಿಸಿಲಿಗೆ ಹಾಕಿದರೆ ತೇವ ಆರುತ್ತದೆ, ಶಕ್ತಿ ಪೂರ್ತಿ ತಿರುಗಿ ಬರುವುದಿಲ್ಲ. ಕಾರ್ಖಾನೆಯಲ್ಲಿ ಅದನ್ನು ಮತ್ತೆ ಹೊಸದು ಮಾಡೋಕೆ ಸುಮಾರು 800 ಡಿಗ್ರಿ ಕಾವು ಬೇಕು. ಒಗೆಯುವಾಗ ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡಿಷನರ್ ಸುತರಾಂ ಬೇಡ, ಅದು ಮೇಲೆ ಪದರ ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೊಂಬಿವಲಿಯಲ್ಲಿ ಕರವಸ್ತ್ರ ಒಣಗುವುದೇ ಕಷ್ಟ. ದಪ್ಪ ಹೊದಿಕೆಯನ್ನು ಎಲ್ಲಿ ಹರವುತ್ತೀರಿ?

ದುಡ್ಡಿಲ್ಲದೆ ಆಗುವ ಕೆಲಸ ಹೇಳುತ್ತೇನೆ. ಇಬ್ಬರಿಗೆ ಒಂದೇ ದೊಡ್ಡ ಹೊದಿಕೆ ಬೇಡ. ಮಂಚ ಒಂದೇ ಇರಲಿ, ಹೊದಿಕೆ ಎರಡಾಗಲಿ. ಅವರ ಹೊದಿಕೆ ಎದ್ದರೂ ಗಾಳಿ ನಿಮ್ಮದರೊಳಗೆ ನುಗ್ಗುವುದಿಲ್ಲ. ಊರಿಂದ ತಂದ ಕೌದಿ ಇದ್ದರೆ ಅವರಿಗೆ ಅದನ್ನೇ ಕೊಡಿ. ಭಾರ ಇರುತ್ತದೆ, ಸುಮ್ಮಸುಮ್ಮನೆ ಎದ್ದೇಳಲ್ಲ.

ಎಸಿ ಹಾಕಿದ ಮೇಲೆ ಕಷ್ಟ ಜಾಸ್ತಿ ಆಯಿತು ಅಂದಿರಿ. ಸರಿಯಾಗಿಯೇ ಗಮನಿಸಿದ್ದೀರಿ. ಮನೆಗಳಲ್ಲಿ ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ಒಳಗೆ ತರುವುದಿಲ್ಲ. ಕೋಣೆಯೊಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಅಲ್ಲೇ ಬಿಡುತ್ತದೆ. ಮುಂಚೆ ಕಿಟಕಿ ತೆರೆದಿತ್ತು, ಫ್ಯಾನ್ ತಿರುಗುತ್ತಿತ್ತು, ವಾಸನೆ ಚದುರಿ ಹೋಗುತ್ತಿತ್ತು. ಈಗ ಹೋಗೋಕೆ ದಾರಿಯೇ ಇಲ್ಲ. ಮಲಗಿದ ಮೊದಲ ಒಂದು ಗಂಟೆ ಕಿಟಕಿ ನಾಲ್ಕು ಬೆರಳು ತೆರೆದು ಫ್ಯಾನ್ ಹಾಕಿ. ಕರೆಂಟ್ ಬಿಲ್ ಸ್ವಲ್ಪ ಏರಬಹುದು, ಏರಲಿ.

ಮೊದಲ ಗಂಟೆ ಅಂತ ಸುಮ್ನೆ ಹೇಳಲಿಲ್ಲ. ನಿದ್ದೆ ಹತ್ತಿದ ಮೇಲೆ ಮನುಷ್ಯರು ವಾಸನೆಗೆ ಸಾಮಾನ್ಯವಾಗಿ ಏಳುವುದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2004ರಲ್ಲಿ ಇದನ್ನು ಪರೀಕ್ಷಿಸಿದ್ದರು. ಗಾಢ ನಿದ್ದೆಯಲ್ಲಿದ್ದವರ ಮೂಗಿಗೆ ಘಾಟು ವಾಸನೆ ಬಿಟ್ಟರೂ ಎಚ್ಚರ ಆಗಲಿಲ್ಲ, ಶಬ್ದಕ್ಕೆ ಆಯಿತು. ಅಂದರೆ ನಿಮಗೆ ಬೇಕಿರುವುದು ನಿದ್ದೆ ಹತ್ತುವವರೆಗಿನ ಹೊತ್ತು ಮಾತ್ರ. ನೀವು ಹತ್ತೂವರೆಗೆ ಮಲಗಿಬಿಡಿ. ಅವರು ಊಟ ಮಾಡಿ ಕೆಳಗೆ ಅರ್ಧ ಗಂಟೆ ಓಡಾಡಿ, ಸಂಡಾಸಿಗೆ ಹೋಗಿ ಬಂದು ಮಲಗಲಿ. ನಡೆದರೆ ಗಾಳಿ ಹೊರಗಡೆಯೇ ಹೋಗುತ್ತದೆ, ಸಕ್ಕರೆಗೂ ಒಳ್ಳೆಯದು.

ಈಗ ಮುಖ್ಯ ಮಾತು. ನೀವು ಕಾಗದದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಬಿಟ್ಟದ್ದು. ಅವರ ಸಕ್ಕರೆ ಕಾಯಿಲೆಯ ಮಾತ್ರೆಯ ಸ್ಟ್ರಿಪ್ ತೆಗೆದು ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಎರಡು ಮೂರು ಔಷಧ ಸೇರಿಸಿದ ಮಾತ್ರೆಯೂ ಇರಬಹುದು, ಎಲ್ಲ ಓದಿ. ಅದರಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದೆಯಾ ನೋಡಿ. ಊಟಕ್ಕೆ ಸ್ವಲ್ಪ ಮುಂಚೆ ತಗೊಳ್ಳಿ ಅಂತ ಕೊಡುವ ಮಾತ್ರೆ ಅದು. ಅನ್ನ, ರೊಟ್ಟಿಯ ಹಿಟ್ಟು ಬೇಗ ಸಕ್ಕರೆಯಾಗದ ಹಾಗೆ ತಡೆಯುತ್ತದೆ. ಹಾಗೆ ತಡೆದಾಗ ಒಂದಿಷ್ಟು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗಾಳಿ ಮಾಡುತ್ತವೆ. ಔಷಧ ಕೆಲಸ ಮಾಡುವ ರೀತಿಯೇ ಅದು. ಅವರ ತಪ್ಪು ಇದರಲ್ಲಿ ಒಂದು ಚೂರೂ ಇಲ್ಲ. ಸಕ್ಕರೆ ಕಾಯಿಲೆಗೇ ಕೊಡುವ ಮೆಟ್‌ಫಾರ್ಮಿನ್ ಕೂಡ ಕೆಲವರ ಹೊಟ್ಟೆ ಕೆಡಿಸುತ್ತದೆ. ಅದು ನಿಧಾನವಾಗಿ ಕರಗುವ ರೂಪದಲ್ಲೂ ಸಿಗುತ್ತದೆ, ಅದು ಹೊಟ್ಟೆಗೆ ಎಷ್ಟೋ ಹಗುರ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಸ್ಟ್ರಿಪ್ ಕೈಯಲ್ಲಿ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಅಲ್ಲಿ ಹೋಗಿ ‘ಗ್ಯಾಸ್ ಆಗ್ತದೆ’ ಅಂತಷ್ಟೇ ಹೇಳಬೇಡಿ, ದಯವಿಟ್ಟು. ನಮ್ಮಲ್ಲಿ ಎದೆ ಉರಿ, ತೇಗು, ಹೊಟ್ಟೆ ಭಾರ ಎಲ್ಲಕ್ಕೂ ಗ್ಯಾಸ್ ಅಂತಲೇ ಅನ್ನುತ್ತೇವೆ. ಡಾಕ್ಟರು ಆಸಿಡಿಟಿ ಮಾತ್ರೆ ಬರೆದು ಕಳಿಸುತ್ತಾರೆ. ಅದರಿಂದ ಇದಕ್ಕೆ ಏನೂ ಆಗಲ್ಲ. ‘ಕೆಳಗಿನಿಂದ ಗಾಳಿ ಹೋಗುತ್ತೆ, ರಾತ್ರಿ ಜಾಸ್ತಿ, ವಾಸನೆ ಇರುತ್ತೆ, ಈ ಮಾತ್ರೆ ಶುರು ಮಾಡಿದ ಮೇಲೆ ಹೆಚ್ಚಾಯಿತು’ ಅಂತ ಬಿಡಿಸಿ ಹೇಳಿ. ಮೆಡಿಕಲ್‌ನಲ್ಲಿ ಸಿಗುವ ಕಪ್ಪು ಇದ್ದಿಲ ಮಾತ್ರೆಯನ್ನು ಕೇಳದೆ ಕೊಡಬೇಡಿ. ಹೊಟ್ಟೆಗೆ ಹೋದ ಇದ್ದಿಲು ಬೇರೆ ಔಷಧವನ್ನೂ ಹೀರಿಕೊಳ್ಳಬಹುದು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಸಂಡಾಸಿನ ರೂಢಿ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಅದನ್ನು ಮೊದಲು ಹೇಳಿ. ಐವತ್ತು ದಾಟಿದವರಲ್ಲಿ ಅದನ್ನು ತಳ್ಳಿಹಾಕಬಾರದು.

ಊಟದ ವಿಷಯದಲ್ಲಿ ನೀವು ರಾತ್ರಿಯ ಊಟದ ಮೇಲೆ ಸಂಶಯ ಪಡುತ್ತಿರಬಹುದು. ಕಾಳಿನ ಗಾಳಿ ಹಾಗೆ ಕೂಡಲೇ ಬರುವುದಿಲ್ಲ. ತಿಂದದ್ದು ದೊಡ್ಡ ಕರುಳಿಗೆ ತಲುಪೋಕೆ ಐದಾರು ಗಂಟೆ ಬೇಕು. ಹನ್ನೊಂದು ಗಂಟೆಗೆ ಬರುವ ಗಾಳಿ ಹೆಚ್ಚಾಗಿ ಮಧ್ಯಾಹ್ನದ ಡಬ್ಬಾದ್ದು, ಅಥವಾ ಸಂಜೆ ಸ್ಟೇಷನ್ ಹತ್ತಿರ ತಿಂದ ರಗಡಾ, ಮಿಸಳ್‌ನದ್ದು. ರಾತ್ರಿಯ ಕಾಳುಪಲ್ಯ, ರೊಟ್ಟಿ ಜೊತೆ ಕಚ್ಚಿ ತಿಂದ ಹಸಿ ಉಳ್ಳಾಗಡ್ಡಿ, ಮೂಲಂಗಿ ಇವು ಬೆಳಗಿನ ಜಾವದ ಲೆಕ್ಕಕ್ಕೆ ಬರುತ್ತವೆ. ಕಾಳು ಬಿಡಬೇಕಾಗಿಲ್ಲ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿ. ಗಾಳಿ ಮಾಡುವ ಸಕ್ಕರೆ ಎಷ್ಟೋ ಕಡಿಮೆಯಾಗುತ್ತದೆ. ಇಂಗು, ಓಮ ನಮ್ಮ ಅಜ್ಜಿಯಂದಿರು ಹಾಕುತ್ತಿದ್ದರು, ನೀವೂ ಹಾಕಿ. ಮೂಲಂಗಿ, ಎಲೆಕೋಸು, ಹೂಕೋಸು, ಮೊಟ್ಟೆ ಇವುಗಳಲ್ಲಿ ಗಂಧಕ ಜಾಸ್ತಿ. ಎರಡು ವಾರ ಇವನ್ನು ಬಿಟ್ಟು ನೋಡಿ. ರಾತ್ರಿ ಹಾಲು ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ. ನಮ್ಮವರಿಗೆ ಮಲಗುವ ಮುಂಚೆ ದೊಡ್ಡ ಲೋಟ ಹಾಲು ಬೇಕಿತ್ತು. ನಾನೇ ಪ್ರೀತಿಯಿಂದ ಅರಿಶಿನ ಹಾಕಿ ಕೊಡುತ್ತಿದ್ದೆ. ಅವರಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ ಅಂತ ಗೊತ್ತಾಗೋಕೆ ಆರು ವರ್ಷ ಬೇಕಾಯಿತು. ನರ್ಸ್ ಆಗಿದ್ದೂ ಮನೆಯೊಳಗೆ ಇದನ್ನು ಕೇಳೋಕೆ ನನಗೆ ಬಾಯಿ ಬರಲಿಲ್ಲ, ಅದಕ್ಕೆ ಇವತ್ತಿಗೂ ಬೇಜಾರಿದೆ.

ಚಾಪೆಯ ಮಾತು. ಇವತ್ತು ರಾತ್ರಿಯೇ ಅವರನ್ನು ಕರೆಯಿರಿ. ಮಾತ್ರೆ ಬದಲಾಗಲಿ, ಚಡ್ಡಿ ಬರಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಅಡುಗೆಮನೆಯ ಟೈಲ್ಸ್ ಮೇಲೆ ಮಲಗಿದ ಗಂಡಸು ತಾನು ಹೆಂಡತಿಗೆ ಹೇಸಿಗೆಯಾದೆ ಅಂತ ನೊಂದಿರುತ್ತಾನೆ. ಸ್ಟ್ರಿಪ್ ಕೈಯಲ್ಲಿ ಹಿಡಿದು ಹೋಗಿ, ‘ರೀ, ಇದು ಈ ಮಾತ್ರೆಯಿಂದ ಇರಬಹುದಂತೆ, ನಾಳೆ ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ’ ಅನ್ನಿ. ಅವತ್ತು ಸಿಟ್ಟಿನಲ್ಲಿ ಅಂದದ್ದಕ್ಕೆ ತಪ್ಪಾಯಿತು ಅಂತಲೂ ಹೇಳಿ. ಕಿಟಕಿ ತೆರೆದು, ಎರಡು ಹೊದಿಕೆ ಹಾಸಿ ಇಟ್ಟಿರಿ. ಮುಂದೆ ಏನಾಯಿತು ಅಂತ ನನಗೆ ಬರೆಯಿರಿ.

ಪ್ರಶ್ನೆ: ಮದುವೆಯಾಗಿ ನಾಲ್ಕು ತಿಂಗಳು. ಪುಣೆಯ ಪಿಂಪ್ರಿಯಲ್ಲಿದ್ದೇವೆ. ರಾತ್ರಿ ಗಾಳಿ ಬಂದರೆ ತಡೆದುಕೊಂಡು ಮಲಗುತ್ತೇನೆ. ಹೊಟ್ಟೆ ಉಬ್ಬಿ ನೋಯುತ್ತದೆ. ಹುಡುಗಿಯಾಗಿ ಹೀಗಾ ಅಂತ ನಾಚಿಕೆ. ಇವರಿಗೆ ಗೊತ್ತಾಗದ ಹಾಗೆ ವಾಸನೆ ಹೀರುವ ಒಳಉಡುಪು ತರಿಸಲಾ? ಆಫೀಸಿನಲ್ಲಿ ಬಾಯಿ ಫ್ರೆಶ್ ಇರಲಿ ಅಂತ ಶುಗರ್‌ಫ್ರೀ ಚ್ಯೂಯಿಂಗ್ ಗಮ್ ತಿನ್ನುತ್ತೇನೆ, ಅದು ಬಿಟ್ಟು ಬೇರೆ ಕೆಟ್ಟ ಅಭ್ಯಾಸ ಇಲ್ಲ.

— ಪಿಂಪ್ರಿ

ಉತ್ತರ: ಮಗಳೇ, ಆ ಗಮ್ಮನ್ನೇ ಮೊದಲು ಬಿಡು. ಅಂಥ ಗಮ್‌ಗಳಲ್ಲಿ ಸಕ್ಕರೆಯ ಬದಲು ಸಾಮಾನ್ಯವಾಗಿ ಸಾರ್ಬಿಟಾಲ್ ಹಾಕಿರುತ್ತಾರೆ. ಅದು ಸರಿಯಾಗಿ ಅರಗದೆ ಕರುಳಿನಲ್ಲಿ ಗಾಳಿಯಾಗುತ್ತದೆ. ಅಗಿಯುವಾಗ ನುಂಗುವ ಗಾಳಿ ಬೇರೆ.

ದಿನಕ್ಕೆ 10ರಿಂದ 20 ಸಲ ಗಾಳಿ ಹೋಗುವುದು ಯಾರಿಗಾದರೂ ಸಹಜ. ಹುಡುಗಿ ಹುಡುಗ ಅಂತ ಇಲ್ಲ. ಮೇಲೆ ಹೇಳಿದ ಲೆವಿಟ್ ಅವರ ತಂಡ 1998ರಲ್ಲಿ 16 ಜನ ಆರೋಗ್ಯವಂತರನ್ನು ಪರೀಕ್ಷಿಸಿದಾಗ, ಹೆಂಗಸರ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಸಾಂದ್ರವಾಗಿತ್ತು, ಗಂಡಸರದ್ದು ಪ್ರಮಾಣ ಜಾಸ್ತಿ ಇತ್ತು. ತಡೆದರೆ ಅದು ಮಾಯವಾಗಲ್ಲ. ಸ್ವಲ್ಪ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೋಗುತ್ತದೆ, ಉಳಿದದ್ದು ನಿದ್ದೆಯಲ್ಲಿ ಹೋಗೇ ಹೋಗುತ್ತದೆ. ಮಲಗುವ ಮುಂಚೆ ಹತ್ತು ನಿಮಿಷ ಬಾತ್‌ರೂಮಿನಲ್ಲಿ ನಿಶ್ಚಿಂತೆಯಿಂದ ಕೂತು ಬಾ. ಉಡುಪು ತರಿಸಬೇಕು ಅನ್ನಿಸಿದರೆ ತರಿಸು, ತಪ್ಪೇನಿಲ್ಲ. ಆದರೆ ಗುಟ್ಟಾಗಿ ಬೇಡ. ಮುಂದೆ ಬಸಿರು, ಬಾಣಂತನ, ಕಾಯಿಲೆ ಎಲ್ಲದರಲ್ಲೂ ಜೊತೆಗಿರುವವನು ಅವನೇ ಅಲ್ವಾ? ಒಂದು ಸಲ ಹೇಳಿ ನೋಡು. ಅವನೂ ನಿನ್ನ ಮುಂದೆ ತಡೆದುಕೊಂಡೇ ಮಲಗುತ್ತಿರಬಹುದು.

ಪ್ರಶ್ನೆ: ಅಕ್ಕಾ, ಗೋವಾದ ವಾಸ್ಕೋದಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೂ ಇದೇ ತೊಂದರೆ. ತೆಂಗಿನ ಚಿಪ್ಪು ಸುಟ್ಟ ಇದ್ದಿಲನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ಇಟ್ಟಿದ್ದೇನೆ. ಏನೂ ಉಪಯೋಗ ಕಾಣಲಿಲ್ಲ. ಈಗ ಮಳೆಗಾಲ, ಕಿಟಕಿ ತೆರೆದರೆ ಸೊಳ್ಳೆ. ಅದಕ್ಕೆ ಕಿಟಕಿ ಮುಚ್ಚಿ, ಅದೇ ಇದ್ದಿಲಿನ ಕೆಂಡಕ್ಕೆ ಧೂಪ ಹಾಕಿ ರಾತ್ರಿ ಕೋಣೆಯಲ್ಲಿ ಇಡುತ್ತೇನೆ. ವಾಸನೆ ಹೋಗುತ್ತದೆ, ಆದರೆ ಬೆಳಗ್ಗೆ ಇಬ್ಬರಿಗೂ ತಲೆ ಭಾರ.

— ವಾಸ್ಕೋ

ಉತ್ತರ: ಆ ಕೆಂಡ ಇವತ್ತಿನಿಂದಲೇ ಬೇಡ. ದಯವಿಟ್ಟು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಬೆಳಗಿನ ತಲೆಭಾರ ಅದರ ಮೊದಲ ಸೂಚನೆ ಇರಬಹುದು. ಮಲಗಿದ್ದವರು ಹಾಗೇ ಏಳದೆ ಹೋದದ್ದೂ ಇದೆ. ತಲೆಸುತ್ತು, ವಾಂತಿ ಏನಾದರೂ ಇದ್ದರೆ ಇಬ್ಬರೂ ಕೂಡಲೇ ಡಾಕ್ಟರ ಹತ್ತಿರ ಹೋಗಿ, ರಾತ್ರಿ ಕೆಂಡ ಇಟ್ಟಿದ್ದೆವು ಅಂತ ಹೇಳಿ.

ಚೀಲದ ವಿಷಯ. ಚಿಪ್ಪು ಒಳ್ಳೆಯ ಕಚ್ಚಾ ವಸ್ತುವೇ. ಆದರೆ ಮನೆಯಲ್ಲಿ ಸುಟ್ಟರೆ ಆ ಸೂಕ್ಷ್ಮ ತೂತು ಅಷ್ಟು ಬರುವುದಿಲ್ಲ. ಗೋವಾದ ಮಳೆಗಾಲದ ತೇವ ಅದನ್ನು ಇನ್ನೂ ಮಂಕು ಮಾಡುತ್ತದೆ. ಎಲ್ಲಕ್ಕಿಂತ, ಮಂಚದ ಕೆಳಗಿನ ಚೀಲದೊಳಗೆ ಗಾಳಿ ತಾನಾಗಿ ಹೋಗಿ ಕೂರುವುದಿಲ್ಲ. ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಿ. ಆ ಖರ್ಚು ಆಗುವವರೆಗೆ ಸೊಳ್ಳೆ ಪರದೆ ಕಟ್ಟಿ, ಕಿಟಕಿ ತೆರೆದು ಮಲಗಿ.